ಹಳೆಯ ಅಮೆರಿಕನ್ ಸ್ಪ್ಯಾನರ್‌ಗಳು: ಯಾವುದು ಯಾರಿಗೆ?

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಇದು. ಶನಿವಾರ ಬೆಳಗ್ಗೆ ಗ್ಯಾರೇಜ್ ಸೇಲ್‌ಗೆ ಹೋಗಿರುತ್ತಾರೆ. ಅಲ್ಲೊಂದು ಡಬ್ಬಿ ತುಂಬ ಹಳೆಯ ಸ್ಪ್ಯಾನರ್‌ಗಳು. ಒಂದರ ಮೇಲೆ ಕ್ರಾಫ್ಟ್ಸ್‌ಮನ್ ಎಂದು ಅಚ್ಚಾಗಿದೆ, ಇನ್ನೊಂದರ ಮೇಲೆ ಪ್ಲಾಂಬ್, ಮತ್ತೊಂದರ ಮೇಲೆ ಬಾನಿ. ಒಂದಕ್ಕೆ 1 ಡಾಲರ್, ಪಕ್ಕದ್ದಕ್ಕೆ 20 ಡಾಲರ್. ಯಾವುದು ಒಳ್ಳೆಯದು? ಅಥವಾ ಇದೆಲ್ಲ ಬಿಟ್ಟು ಅಂಗಡಿಯ ಹೊಸ ಸೆಟ್ ತಗೊಂಡರೆ ಸಾಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಳಸೋದಕ್ಕೆ ಕೊಳ್ಳುವವರು ದೊಡ್ಡ ಹೆಸರುಗಳಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಅಷ್ಟೇ ಗಟ್ಟಿಯಾದ ಉಕ್ಕು, ಅಷ್ಟೇ ಅಚ್ಚುಕಟ್ಟಾದ ಕೆಲಸ ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ಕಂಪನಿಗಳಲ್ಲೂ ಇತ್ತು. ಅವು ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಆದರೆ ಯಾವ ಹೆಸರನ್ನು ನೋಡುವ ಮೊದಲೂ ನಾಲ್ಕು ವಿಷಯ ಗಮನಿಸಬೇಕು: ಅಳತೆ, ಉಕ್ಕು ಮತ್ತು ಆಕಾರ, ಸ್ಥಿತಿ, ಮುರಿದರೆ ಏನು ಗತಿ ಎಂಬುದು.

ಮೊದಲು ಅಳತೆ

ನೀವು ಯಾವ ಬೋಲ್ಟ್ ಬಿಚ್ಚುತ್ತೀರಿ? ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹಳೆಯ ಅಮೆರಿಕನ್ ಸ್ಪ್ಯಾನರ್‌ಗಳು ಬಹುಪಾಲು ಇಂಚಿನ ಅಳತೆಯವು. ನಿಮ್ಮ ಮನೆಯಲ್ಲಿರುವುದು ಟೊಯೋಟಾ ಅಥವಾ ಹೋಂಡಾ ಆದರೆ ಅದರ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು. ಅಮೆರಿಕದ ಕಾರ್ ಕಂಪನಿಗಳೂ 1970ರ ದಶಕದಿಂದ ನಿಧಾನವಾಗಿ ಮೆಟ್ರಿಕ್ ಕಡೆಗೆ ಸರಿದವು. ಹಾಗಾಗಿ ಇಂಚಿನ ಸ್ಪ್ಯಾನರ್‌ಗೆ ಈಗ ಕೆಲಸ ಇರುವುದು ಹಳೆಯ ಅಮೆರಿಕನ್ ಕಾರು, ಹಳೆಯ ಟ್ರ್ಯಾಕ್ಟರ್, ಹುಲ್ಲು ಕತ್ತರಿಸುವ ಯಂತ್ರ, ಟ್ರೇಲರ್, ಮನೆಯ ನಲ್ಲಿ ಪೈಪುಗಳ ಹತ್ತಿರ.

ಕೆಲವು ಅಳತೆಗಳು ಎರಡೂ ಕಡೆ ನಡೆಯುತ್ತವೆ. 3/4 ಇಂಚು ಅಂದರೆ 19.05 ಮಿ.ಮೀ., 19ರ ಬೋಲ್ಟಿಗೆ ಸರಿಯಾಗಿ ಕೂರುತ್ತದೆ. 7/16 ಇಂಚು 11.11 ಮಿ.ಮೀ., 11ಕ್ಕೆ ಪರವಾಗಿಲ್ಲ. ಆದರೆ 1/2 ಇಂಚು 12.7 ಮಿ.ಮೀ., 13ರ ಬೋಲ್ಟಿಗೆ ಅದು ಹೋಗುವುದೇ ಇಲ್ಲ. 9/16 ಇಂಚಿನದು 14.29 ಮಿ.ಮೀ., ಅದನ್ನು 14ಕ್ಕೆ ಹಾಕಿ ಬಲವಾಗಿ ಎಳೆದರೆ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚೋದು ದೊಡ್ಡ ತಲೆನೋವು.

ಇನ್ನೂ ಹಳೆಯ, ಅಂದರೆ 1920ಕ್ಕಿಂತ ಮುಂಚಿನ ಕಾಲದ ಸ್ಪ್ಯಾನರ್‌ಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಎಷ್ಟೋ ಕಡೆ ಬಾಯಿಯ ಅಗಲವನ್ನು ಬರೆಯದೆ ಬೋಲ್ಟಿನ ದಪ್ಪವನ್ನು ಬರೆಯುತ್ತಿದ್ದರು. ಅದರ ಮೇಲೆ 1/2 ಎಂದಿದ್ದರೆ ಬಾಯಿ 7/8 ಇಂಚು ಇರಬಹುದು. ಇವತ್ತಿನ 1/2 ಇಂಚಿನ ಬೋಲ್ಟಿನ ತಲೆಯಾದರೋ 3/4 ಇಂಚು. ಆದ್ದರಿಂದ ಜೇಬಿನಲ್ಲಿ ಅಗಲ ಅಳೆಯುವ ಒಂದು ಸಣ್ಣ ಕ್ಯಾಲಿಪರ್ ಇಟ್ಟುಕೊಂಡು ಹೋಗಿ, ಬಾಯಿಯನ್ನೇ ಅಳೆದು ನೋಡಿ.

ಉಕ್ಕು, ಆಕಾರ, ಸ್ಥಿತಿ

ಹಳೆಯ ಸ್ಪ್ಯಾನರ್ ಎಂದರೆ ಜನ ಯಾಕೆ ಇಷ್ಟಪಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಒಳ್ಳೆಯ ಸ್ಪ್ಯಾನರ್ ಮಾಡೋದು ಹೀಗೆ: ಕೆಂಪಗೆ ಕಾದ ಉಕ್ಕಿನ ಸರಳನ್ನು ಎರಡು ಅಚ್ಚುಗಳ ನಡುವೆ ಇಟ್ಟು ಭಾರಿ ಸುತ್ತಿಗೆಯಿಂದ ಬಡಿಯುತ್ತಾರೆ. ಬದಿಗೆ ಉಕ್ಕಿ ಬಂದ ತೆಳು ಅಂಚನ್ನು ಕತ್ತರಿಸುತ್ತಾರೆ. ಆಮೇಲೆ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಈ ಕೊನೆಯ ಹದದಲ್ಲೇ ಅದರ ಗುಣ ನಿರ್ಧಾರವಾಗುತ್ತದೆ. ಜಾಸ್ತಿ ಗಡಸಾದರೆ ಮುರಿಯುತ್ತದೆ, ಮೆದುವಾದರೆ ಬಾಯಿ ಅಗಲವಾಗುತ್ತದೆ.

ಮೊದಮೊದಲು ಎಲ್ಲರೂ ಬಳಸುತ್ತಿದ್ದುದು ಸಾದಾ ಕಾರ್ಬನ್ ಉಕ್ಕು. ಅದಕ್ಕೆ ಬಲ ಬರಬೇಕಾದರೆ ದಪ್ಪವಾಗಿಯೇ ಮಾಡಬೇಕಿತ್ತು. ವೆನೆಡಿಯಂ ಎಂಬ ಲೋಹ ಬೆರೆಸಿದ ಉಕ್ಕನ್ನು ಹೆನ್ರಿ ಫೋರ್ಡ್ 1908ರ ಮಾಡೆಲ್ ಟಿ ಕಾರಿನಲ್ಲಿ ಬಳಸಿದರು. 1920ರ ದಶಕದಲ್ಲಿ ಕ್ರೋಮ್ ವೆನೆಡಿಯಂ ಉಕ್ಕು ಸ್ಪ್ಯಾನರ್‌ಗಳಿಗೂ ಬಂತು. ಆಗ ತಲೆ ತೆಳುವಾಯಿತು, ಹಿಡಿ ಉದ್ದವಾಯಿತು, ತೂಕ ಇಳಿಯಿತು. ಎಂಜಿನ್ನಿನ ಇಕ್ಕಟ್ಟಿನಲ್ಲಿ ಅಡಗಿ ಕೂತ ನಟ್ಟಿಗೆ, ಅದನ್ನು ಸುತ್ತಲೂ ಹಿಡಿಯುವ ರಿಂಗ್ ತುದಿ ತಲುಪಬೇಕಾದರೆ ಈ ತೆಳು ಗೋಡೆ ಬೇಕೇ ಬೇಕು. 1930ರಿಂದ 1960ರವರೆಗಿನ ಅಮೆರಿಕನ್ ಸ್ಪ್ಯಾನರ್ ಕೈಗೆ ಬಂದಾಗ ಅನುಭವಕ್ಕೆ ಬರುವುದು ಇದೇ. ಉಜ್ಜಿ ನಯ ಮಾಡಿದ ಅಂಚು ಅಂಗೈಗೆ ಒತ್ತುವುದಿಲ್ಲ. ತಲೆ ಮತ್ತು ಹಿಡಿ ಸೇರುವ ಕಡೆ ಎಲ್ಲೂ ಒರಟಿಲ್ಲ. ಅದರ ಮೇಲೆ ಕಂಪನಿಯ ಹೆಸರಿನ ಜೊತೆ ಊರಿನ ಹೆಸರೂ ಇರುತ್ತದೆ: ಲಾಸ್ ಏಂಜಲೀಸ್, ಅಲೆನ್‌ಟೌನ್, ಬಫಲೋ, ಜೇಮ್ಸ್‌ಟೌನ್. ಒಂದೊಂದು ಊರಿನ ಕಾರ್ಖಾನೆಯ ಕೆಲಸ ಕೈಯಲ್ಲಿದೆ ಎನ್ನುವ ಖುಷಿ ನನಗಂತೂ ದೊಡ್ಡದು.

ಎರಡನೇ ಮಹಾಯುದ್ಧದ ಕಾಲದವು ಬೇರೆ ಕಾಣುತ್ತವೆ. ಆಗ ಕ್ರೋಮಿಯಂ, ನಿಕಲ್ ಯುದ್ಧದ ಕೆಲಸಕ್ಕೆ ಮೀಸಲಾಗಿದ್ದವು. ಅದಕ್ಕೇ ಹೊಳಪಿನ ಲೇಪ ಇಲ್ಲದೆ ಕಪ್ಪು ಬಣ್ಣದವು ಅಥವಾ ಮಂಕು ಬೂದು ಬಣ್ಣದ ಕ್ಯಾಡ್ಮಿಯಂ ಲೇಪದವು ಬಂದವು. ಕೆಲಸದಲ್ಲಿ ಅವು ಕಡಿಮೆಯೇನಲ್ಲ. ಆದರೆ ಕ್ಯಾಡ್ಮಿಯಂ ವಿಷ. ಅಂಥವನ್ನು ವೈರ್ ಬ್ರಷ್ ಹಾಕಿ ಉಜ್ಜಬೇಡಿ, ಗ್ರೈಂಡರ್ ಹತ್ತಿರ ತರಬೇಡಿ, ಕಾಯಿಸಬೇಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದುಕೊಂಡರೆ ಸಾಕು.

ಸ್ಥಿತಿ ನೋಡುವಾಗ ತುಕ್ಕಿಗೆ ಹೆದರಬೇಡಿ. ಮೇಲ್ಮೈ ತುಕ್ಕು ಹೋಗುತ್ತದೆ. ಹೆದರಬೇಕಾದ್ದು ಬಾಯಿ ಅಗಲವಾಗಿರುವುದಕ್ಕೆ, ರಿಂಗಿನ ಒಳಮೂಲೆಗಳು ಸವೆದಿರುವುದಕ್ಕೆ, ಕೂದಲೆಳೆಯಂಥ ಬಿರುಕಿಗೆ, ಹಿಡಿ ಬಗ್ಗಿರುವುದಕ್ಕೆ. ಹಿಡಿ ಬಗ್ಗಿದೆ ಅಂದರೆ ಯಾರೋ ಅದಕ್ಕೆ ಉದ್ದ ಪೈಪ್ ಸೇರಿಸಿ ಮೈಮೇಲೆ ಬಂದಂತೆ ಎಳೆದಿದ್ದಾರೆ ಎಂದು ಅರ್ಥ. ಕ್ರೋಮ್ ಸಿಪ್ಪೆ ಎದ್ದಿದ್ದರೂ ಬಿಟ್ಟುಬಿಡಿ, ಅದರ ಚೂರು ಬ್ಲೇಡಿನಷ್ಟು ಚೂಪಾಗಿ ಬೆರಳು ಕೊಯ್ಯುತ್ತದೆ. ಹಳೆಯ ಮಾಲೀಕರು ಹೆಸರು ಕೆತ್ತಿಸಿರುವುದು ದೋಷವಲ್ಲ. ಸಂಗ್ರಹಕಾರರು ಅಂಥದ್ದಕ್ಕೆ ಬೆಲೆ ಇಳಿಸುತ್ತಾರೆ, ಬಳಸುವವರಿಗೆ ಅದು ಲಾಭವೇ.

ನಾಲ್ಕನೆಯದು, ಮುರಿದರೆ ಏನು ಗತಿ ಎಂಬುದು. ಇದನ್ನು ಒಂದೊಂದು ಕಂಪನಿಯ ಜೊತೆಗೇ ಹೇಳುತ್ತೇನೆ.

ಕ್ರಾಫ್ಟ್ಸ್‌ಮನ್: ಪೂರ್ತಿ ಸೆಟ್ ಬೇಕಿರುವವರಿಗೆ

ಸಿಯರ್ಸ್ ಅಂಗಡಿ 1927ರಲ್ಲಿ ಈ ಹೆಸರನ್ನು ತನ್ನದಾಗಿಸಿಕೊಂಡಿತು. ಸಿಯರ್ಸ್ ತಾನೇ ಸ್ಪ್ಯಾನರ್ ಮಾಡಲಿಲ್ಲ, ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿತು. ಅದಕ್ಕೇ ಸ್ಪ್ಯಾನರ್ ಮೇಲೆ ಹೆಸರಿನ ಜೊತೆ ಒಂದು ಗುಟ್ಟಿನ ಅಕ್ಷರ ಇರುತ್ತದೆ. ಇಂಗ್ಲಿಷಿನ ‘ವಿ’ ಇದ್ದರೆ ಅದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಮೂರ್ ಡ್ರಾಪ್ ಫೋರ್ಜಿಂಗ್ ಕಂಪನಿಯ ಕೆಲಸ. ‘ವಿ’ಯ ಎರಡೂ ಬದಿಗೆ ಸಣ್ಣ ಗೆರೆಗಳಿರುವ ಹಳೆಯವನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. ಅವುಗಳ ಕೆಲಸ ನಿಜಕ್ಕೂ ಚೆನ್ನಾಗಿದೆ. ಅಕ್ಷರ ನೋಡದೆ ಬರೀ ಕ್ರಾಫ್ಟ್ಸ್‌ಮನ್ ಎಂದು ಕೊಳ್ಳೋದು ಸರಿಯಲ್ಲ, ಯಾಕೆಂದರೆ ಆ ಒಂದೇ ಹೆಸರಿನ ಕೆಳಗೆ ಹಲವು ಮಟ್ಟದ ಕೆಲಸ ಇದೆ.

ಇದರ ದೊಡ್ಡ ಲಾಭ ಅಂದರೆ ಎಲ್ಲಿ ನೋಡಿದರೂ ಸಿಗುತ್ತದೆ. ಹಾಗಾಗಿ ಬಿಡಿ ಬಿಡಿಯಾಗಿ ಕೊಂಡರೂ ಕೊನೆಗೆ ಒಂದೇ ಬಗೆಯ ಸೆಟ್ ಜೋಡಿಸಬಹುದು. ನನಗೆ ಹಿಡಿಸದ್ದು ಹಿಡಿಯ ಆಕಾರ. ನಂತರದ ವರ್ಷಗಳ ಕ್ರಾಫ್ಟ್ಸ್‌ಮನ್‌ಗಳ ಹಿಡಿಯ ಮಧ್ಯದ ಪಟ್ಟಿ ಉಬ್ಬಿಕೊಂಡಿದ್ದು ಅಂಚು ಸ್ವಲ್ಪ ಚೂಪು. ಇಡೀ ದಿನ ಎಳೆದರೆ ಅಂಗೈ ನೋಯುತ್ತದೆ.

ಜೀವನಪರ್ಯಂತ ಗ್ಯಾರಂಟಿ ಇದೆಯಲ್ಲ, ಅಂತ ಕೇಳುತ್ತೀರಿ. 2017ರಲ್ಲಿ ಸ್ಟಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಈ ಹೆಸರನ್ನು ಕೊಂಡುಕೊಂಡಿತು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಅಮೆರಿಕದಲ್ಲೇ ಮತ್ತೆ ತಯಾರಿಸುವ ಕಾರ್ಖಾನೆ ಕಟ್ಟಿತು. ಆದರೆ 2023ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಮುರಿದ ಹಳೆಯ ಸ್ಪ್ಯಾನರ್ ಕೊಟ್ಟರೆ ಕೈಗೆ ಬರುವುದು ಈಗಿನ ಸ್ಪ್ಯಾನರ್. ಗ್ಯಾರಂಟಿಯಿಂದ ಹಳೆಯದು ವಾಪಸ್ ಬರುವುದಿಲ್ಲ. ಗ್ಯಾರಂಟಿಗಾಗಿ ಹಳೆಯದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ನ್ಯಾಪ್-ಆನ್: ದಿನವೂ ದುಡಿಯುವವರಿಗೆ

1920ರಲ್ಲಿ ಮಿಲ್‌ವಾಕಿಯಲ್ಲಿ ಶುರುವಾದ ಕಂಪನಿ. ನಟ್ಟಿನ ಮೇಲೆ ಟೊಪ್ಪಿಯಂತೆ ಕೂರುವ ಸಾಕೆಟ್‌ಗಳನ್ನು ಬದಲಾಯಿಸಿ ಒಂದೇ ಹಿಡಿಗೆ ಹಾಕುವ ಉಪಾಯದಿಂದ ಬೆಳೆಯಿತು. ಆಮೇಲೆ ವಿಸ್ಕಾನ್ಸಿನ್‌ನದೇ ಕೆನೋಶಾ ಊರು ಅದರ ಮನೆಯಾಯಿತು. ಇದರ ಸರಕು ಮಾಮೂಲಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವ್ಯಾಪಾರಿಯ ವಾಹನವೇ ಮೆಕ್ಯಾನಿಕ್‌ಗಳ ಗ್ಯಾರೇಜ್ ಬಾಗಿಲಿಗೆ ಬರುತ್ತಿತ್ತು, ಈಗಲೂ ಬರುತ್ತದೆ.

ಇದರ ಒಳ್ಳೆಯ ಗುಣಗಳು ಬರೀ ಹೆಸರಿನ ಮಾತಲ್ಲ. 1960ರ ದಶಕದಲ್ಲಿ ಇವರು ತಂದ ಫ್ಲ್ಯಾಂಕ್ ಡ್ರೈವ್ ವಿನ್ಯಾಸದಲ್ಲಿ ರಿಂಗ್ ನಟ್ಟಿನ ಮೂಲೆಯನ್ನು ಒತ್ತುವುದಿಲ್ಲ, ಮೂಲೆಯಿಂದ ಸ್ವಲ್ಪ ಒಳಗಿನ ಚಪ್ಪಟೆ ಭಾಗವನ್ನು ಒತ್ತುತ್ತದೆ. ಹೀಗಾಗಿ ಮೂಲೆ ಸವೆಯುವುದು ಕಡಿಮೆ. ತುಕ್ಕು ಹಿಡಿದ ಬೋಲ್ಟುಗಳ ಜೊತೆ ದಿನ ಬೆಳಗಾದರೆ ಗುದ್ದಾಡುವವರಿಗೆ ಇದು ದೊಡ್ಡ ಸಹಾಯ. ಇನ್ನೊಂದು ಸೊಗಸು ಅಂದರೆ ಬಹುಪಾಲು ಸ್ಪ್ಯಾನರ್‌ಗಳ ಮೇಲೆ ವರ್ಷದ ಗುರುತು ಇರುತ್ತದೆ. ಸಣ್ಣ ಅಂಕಿ ಅಥವಾ ಚಿಹ್ನೆಯ ಪಟ್ಟಿ ನೋಡಿ ಯಾವ ವರ್ಷದ್ದೆಂದು ಕಂಡುಹಿಡಿಯಬಹುದು. ತಾನು ಹುಟ್ಟಿದ ವರ್ಷದ ಸ್ಪ್ಯಾನರ್ ಹುಡುಕಿ ಇಟ್ಟುಕೊಳ್ಳುವವರೂ ಇದ್ದಾರೆ.

ತೊಂದರೆ ಒಂದೇ, ಬೆಲೆ. ಹೊಸದಾದರೆ ಒಂದೊಂದು ಸ್ಪ್ಯಾನರ್‌ಗೂ ಹತ್ತಾರು ಡಾಲರ್. ಹಳೆಯದೂ ಅಗ್ಗವಲ್ಲ, ಹೆಸರು ನೋಡಿದ ತಕ್ಷಣ ಮಾರುವವರು ಬೆಲೆ ಏರಿಸುತ್ತಾರೆ. ತಿಂಗಳಿಗೊಮ್ಮೆ ಮನೆಯಲ್ಲಿ ಸಣ್ಣ ರಿಪೇರಿ ಮಾಡುವವರಿಗೆ ಇಷ್ಟು ಖರ್ಚು ಬೇಡ. ಕೆಲಸವೇ ಜೀವನವಾದ ಮೆಕ್ಯಾನಿಕ್‌ಗೆ ಮಾತ್ರ, ದಿನವೂ ಬೇಕಾಗುವ ನಾಲ್ಕೈದು ಅಳತೆಗಳಲ್ಲಿ, ಇದು ಕೊಟ್ಟ ದುಡ್ಡಿಗೆ ಸರಿಯಾದ ಸಾಮಾನು.

ಪ್ಲಾಂಬ್ ಮತ್ತು ಪ್ರೋಟೋ: ಕಥೆಗೂ ಕೆಲಸಕ್ಕೂ

ಪ್ಲಾಂಬ್ 1907ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿತು. ಒಂದು ತುದಿಗೆ ತೆರೆದ ಬಾಯಿ, ಇನ್ನೊಂದಕ್ಕೆ ರಿಂಗ್ ಇರುವ ಕಾಂಬಿನೇಷನ್ ಸ್ಪ್ಯಾನರ್ ಇವತ್ತು ಎಲ್ಲರ ಪೆಟ್ಟಿಗೆಯಲ್ಲೂ ಇದೆಯಲ್ಲ, ಅದನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಢಿಗೆ ತಂದವರಲ್ಲಿ ಇವರು ಮುಂದು. ಸುತ್ತಿಗೆ, ಕೊಡಲಿ ಮಾಡುತ್ತಿದ್ದ ಪ್ಲಂಬ್ ಎಂಬ ಬೇರೊಂದು ಹಳೆಯ ಕಂಪನಿಯ ಜೊತೆ ಹೆಸರಿನ ಜಗಳ ಕೋರ್ಟಿಗೆ ಹೋಯಿತು. ಹಾಗಾಗಿ 1948ರಲ್ಲಿ ಪ್ಲಾಂಬ್ ಹೋಗಿ ಪ್ರೋಟೋ ಬಂತು. 1984ರಲ್ಲಿ ಅದು ಸ್ಟಾನ್ಲಿಯ ಪಾಲಾಯಿತು.

ಕೊಳ್ಳುವವರಿಗೆ ಈ ಕಥೆಯಿಂದ ಒಂದು ಉಪಯೋಗ ಇದೆ. ಪ್ಲಾಂಬ್ ಎಂದು ಬರೆದದ್ದು ಸಂಗ್ರಹಕಾರರ ಸ್ವತ್ತು, ಬೆಲೆ ಜಾಸ್ತಿ. ಅದರ ನಂತರದ ಪ್ರೋಟೋ, ಅದೂ ಲಾಸ್ ಏಂಜಲೀಸ್ ಎಂಬ ಊರಿನ ಹೆಸರಿದ್ದರೆ, ಅದೇ ಮನೆತನದ ಕೆಲಸ. ಅದಕ್ಕೆ ಅಷ್ಟೊಂದು ಪೈಪೋಟಿ ಇಲ್ಲ. ಬಳಸೋದಕ್ಕೆ ನಾನು ಪ್ರೋಟೋವನ್ನೇ ಆರಿಸುತ್ತೇನೆ. ತಲೆ ಸ್ವಲ್ಪ ದಪ್ಪ, ಆದರೆ ಕಾರ್ಖಾನೆ, ರೈಲ್ವೆ ಮಟ್ಟದ ಒರಟು ಕೆಲಸ ತಡೆಯುವ ಜಾತಿ.

ಹೆಸರು ಮರೆತ ಒಳ್ಳೆಯವು

ನನ್ನ ಪ್ರೀತಿ ಇರುವುದು ಇಲ್ಲಿ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನ ಬಾನಿ. ಬ್ರೂಕ್ಲಿನ್‌ನಲ್ಲಿ ಶುರುವಾಗಿ ಬಫಲೋದಲ್ಲಿ ಬೆಳೆದ ಜೆ.ಎಚ್. ವಿಲಿಯಮ್ಸ್. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನ ಬಿಲ್ಲಿಂಗ್ಸ್ ಅಂಡ್ ಸ್ಪೆನ್ಸರ್. ಒಹಾಯೋದ ಫ್ರೀಮಾಂಟ್‌ನ ಹರ್‌ಬ್ರ್ಯಾಂಡ್. ಕ್ಲೀವ್‌ಲ್ಯಾಂಡ್‌ನ ವ್ಲ್‌ಚೆಕ್. ಬಫಲೋದ ಬಾರ್ಕಲೋ, ಆರಾಮ ಕುರ್ಚಿಗೆ ಹೆಸರಾದ ಅದೇ ಕಂಪನಿ. ಗ್ಯಾರೇಜ್ ಸೇಲ್‌ನ ಡಬ್ಬಿಯ ತಳದಲ್ಲಿ ಕೂತಿರುವುದು ಇವೇ.

ಬಾನಿ ಕ್ರೋಮ್ ವೆನೆಡಿಯಂ ಉಕ್ಕನ್ನು ಮೊದಮೊದಲೇ ಕೈಗೆತ್ತಿಕೊಂಡು, ತನ್ನ ಸ್ಪ್ಯಾನರ್‌ಗಳ ಮೇಲೆ ಅದರ ಎರಡು ಮೊದಲಕ್ಷರಗಳನ್ನೇ ಅಚ್ಚೊತ್ತಿ ಮಾರಿತು. ಅವುಗಳ ತಲೆ ಎಷ್ಟು ತೆಳು, ಎಷ್ಟು ನಾಜೂಕು ಎಂದರೆ ಇಷ್ಟು ವರ್ಷ ಬಾಳಿದ್ದಾದರೂ ಹೇಗೆ ಎಂದು ಆಶ್ಚರ್ಯವಾಗುತ್ತದೆ. ಇಕ್ಕಟ್ಟಿನ ಜಾಗಕ್ಕೆ ಇದಕ್ಕಿಂತ ಒಳ್ಳೆಯದನ್ನು ಈ ಬೆಲೆಗೆ ನಾನು ನೋಡಿಲ್ಲ. ವಿಲಿಯಮ್ಸ್ ಇನ್ನೊಂದು ರೀತಿಯದು, ಗಟ್ಟಿ, ಸರಳ, ಅಳತೆಯಲ್ಲಿ ನಿಖರ. ಅದರ ಸೂಪರೆಂಚ್ ಎಂಬ ಸಾಲು ಈಗಲೂ ಯಾವ ವರ್ಕ್‌ಶಾಪಿನಲ್ಲೂ ತಲೆಯೆತ್ತಿ ನಿಲ್ಲುತ್ತದೆ. 1993ರಲ್ಲಿ ವಿಲಿಯಮ್ಸ್ ಕಂಪನಿಯನ್ನು ಕೊಂಡುಕೊಂಡದ್ದು ಸ್ನ್ಯಾಪ್-ಆನ್. ಅದರ ಯೋಗ್ಯತೆ ಎಂಥದ್ದೆಂದು ಇದರಿಂದಲೂ ತಿಳಿಯುತ್ತದೆ.

ಇವುಗಳ ಕೊರತೆ ನೇರವಾಗಿ ಹೇಳಬೇಕು. ಪೂರ್ತಿ ಸೆಟ್ ಒಂದೇ ಸಲ ಸಿಗುವುದು ಅಪರೂಪ. ಬಾನಿಯ ಮೂರು, ವಿಲಿಯಮ್ಸ್‌ನ ನಾಲ್ಕು, ಹರ್‌ಬ್ರ್ಯಾಂಡ್‌ನ ಎರಡು ಸೇರಿಸಿಕೊಂಡು ಸೆಟ್ ಮಾಡಬೇಕು. ಮುರಿದರೆ ಎಷ್ಟೋ ಕಂಪನಿಗಳ ವಿಳಾಸವೇ ಇಲ್ಲ. ನನಗೆ ಇದೊಂದು ತೊಂದರೆ ಅನ್ನಿಸುವುದಿಲ್ಲ, ಒಂದು ಮುರಿದರೆ ಮತ್ತೊಂದು ಡಾಲರ್ ಕೊಟ್ಟು ಇನ್ನೊಂದು ತರಬಹುದು. ಆದರೆ ಪೆಟ್ಟಿಗೆ ತೆರೆದಾಗ ಎಲ್ಲವೂ ಒಂದೇ ಸಾಲಿನಲ್ಲಿ ಒಂದೇ ಥರ ಕಾಣಬೇಕು ಎನ್ನುವವರು ಕ್ರಾಫ್ಟ್ಸ್‌ಮನ್‌ಗೇ ಹೋಗಿ.

ಸ್ಕ್ರೂ ಸ್ಪ್ಯಾನರ್ ಮತ್ತು ಪೈಪ್ ರೆಂಚ್

ಇಂಚು, ಮಿಲಿಮೀಟರ್ ಎಂಬ ಗೊಂದಲವೇ ಬೇಡ ಎನ್ನುವವರಿಗೆ ಹಳೆಯ ಸ್ಕ್ರೂ ಸ್ಪ್ಯಾನರ್, ಅಂದರೆ ತಿರುಪು ತಿರುಗಿಸಿ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್, ಅತಿ ಒಳ್ಳೆಯ ಮೊದಲ ಖರೀದಿ. ಕಾರ್ಲ್ ಪೀಟರ್ಸನ್ 1907ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಕ್ರೆಸೆಂಟ್ ಕಂಪನಿ ಕಟ್ಟಿದರು. ಅದು ಎಷ್ಟು ಜನಪ್ರಿಯವಾಯಿತೆಂದರೆ ಅಮೆರಿಕನ್ನರು ಇಂದಿಗೂ ಯಾವ ಕಂಪನಿಯ ಸ್ಕ್ರೂ ಸ್ಪ್ಯಾನರನ್ನೂ ಕ್ರೆಸೆಂಟ್ ಎಂದೇ ಕರೆಯುತ್ತಾರೆ. ಮಿನೆಸೋಟದ ಡುಲೂತ್‌ನಲ್ಲಿ ಕುದುರೆ ಲಾಳ ಮಾಡುತ್ತಿದ್ದ ಡೈಮಂಡ್ ಕಂಪನಿಯೂ ಆಮೇಲೆ ಇದೇ ದಾರಿ ಹಿಡಿಯಿತು. ಎರಡರಲ್ಲಿ ಯಾವುದಾದರೂ ಸರಿ. ಜೇಮ್ಸ್‌ಟೌನ್ ಎಂದು ಅಚ್ಚಿರುವ ಕ್ರೆಸೆಂಟ್‌ಗೆ ಸ್ವಲ್ಪ ಜಾಸ್ತಿ ಕೇಳುತ್ತಾರೆ, ಡೈಮಂಡ್ ಇನ್ನೂ ಅಗ್ಗ.

ಇದನ್ನು ಕೊಳ್ಳುವಾಗ ಹೆಸರಿಗಿಂತ ದವಡೆ ಮುಖ್ಯ. ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಎರಡು ದವಡೆಗಳ ನಡುವೆ ಒಂದು ಕಡೆ ಮಾತ್ರ ಬೆಳಕು ಕಂಡರೆ ಬಾಯಿ ಸೊಟ್ಟಗಾಗಿದೆ ಎಂದು ಅರ್ಥ. ಆಮೇಲೆ ಅರ್ಧ ತೆರೆದು ಜಾರುವ ದವಡೆಯನ್ನು ಅಲ್ಲಾಡಿಸಿ. ಸ್ವಲ್ಪ ಆಟ ಇರುತ್ತದೆ, ಗಡಗಡ ಅಂದರೆ ಬೇಡ. ಬಳಸುವಾಗ ಬಲ ಜಾರದ, ಹಿಡಿಗೆ ಸೇರಿದ ದವಡೆಯ ಮೇಲೆ ಬೀಳುವ ಹಾಗೆ ಎಳೆಯಿರಿ. ಎಷ್ಟು ಒಳ್ಳೆಯದಾದರೂ, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಮಾಡುವ ಕೆಲಸವನ್ನು ಇದು ಮಾಡುವುದಿಲ್ಲ. ಬಿಗಿದು ಕೂತ ಬೋಲ್ಟಿಗೆ ಇದನ್ನು ಹಾಕಬೇಡಿ.

ಪೈಪ್ ರೆಂಚ್ ಬೇಕಾದರೆ ಯೋಚನೆಯೇ ಬೇಡ. 1923ರಲ್ಲಿ ಒಹಾಯೋದಲ್ಲಿ ಶುರುವಾದ ರಿಡ್ಜಿಡ್‌ನ ಕೆಂಪು ಹಿಡಿಯ ರೆಂಚ್ ಎಲ್ಲ ಕಡೆ ಸಿಗುತ್ತದೆ. ಹಲ್ಲು ಸವೆದಿದ್ದರೂ ದವಡೆ ಬದಲಾಯಿಸಬಹುದು, ಬಿಡಿಭಾಗ ಇವತ್ತಿಗೂ ಬರುತ್ತದೆ. ಹಿಡಿ ಬಗ್ಗಿಲ್ಲ ಎಂದು ನೋಡಿಕೊಂಡರೆ ಮುಗಿಯಿತು. ಮರದ ಹಿಡಿಯ ಕೋಸ್ ಮಂಕಿ ರೆಂಚ್ ಕೂಡ ಕಣ್ಣಿಗೆ ಬೀಳುತ್ತದೆ. ಲೋರಿಂಗ್ ಕೋಸ್ 1841ರಲ್ಲಿ ಪೇಟೆಂಟ್ ಪಡೆದ ಮಾದರಿ ಅದು. ನೋಡೋಕೆ ತುಂಬ ಚೆಂದ, ಗೋಡೆಗೆ ತೂಗುಹಾಕಬಹುದು. ಕೆಲಸಕ್ಕೆ ಕೊಳ್ಳಬೇಡಿ.

ಹೊಸದನ್ನೇ ಕೊಂಡರೆ?

ಹಾಗೆ ಮಾಡುವವರು ತಪ್ಪು ಮಾಡುತ್ತಿಲ್ಲ. ಬರೀ ಜಪಾನಿ ಕಾರು ಇರುವವರು ತೈವಾನ್‌ನಲ್ಲಿ ಮಾಡಿದ ಒಳ್ಳೆಯ ಮೆಟ್ರಿಕ್ ಸೆಟ್ ಕೊಂಡರೆ ಸಾಕು. ನಟ್ಟಿನಿಂದ ತೆಗೆಯದೆ ಹಿಂದೆ ಮುಂದೆ ಆಡಿಸಿಯೇ ತಿರುಗಿಸಬಹುದಾದ ಇವತ್ತಿನ ರ‍್ಯಾಚೆಟ್ ರಿಂಗ್ ಸ್ಪ್ಯಾನರ್‌ಗಳ ಅನುಕೂಲ ಹಳೆಯ ಸ್ಪ್ಯಾನರ್‌ಗಳಲ್ಲಿ ಇಲ್ಲ. ಅಮೆರಿಕದಲ್ಲೇ ಮಾಡಿದ್ದು ಬೇಕು, ಹೊಸದೇ ಬೇಕು, ಗ್ಯಾರಂಟಿಯೂ ಬೇಕು ಎನ್ನುವವರಿಗೆ ಒಹಾಯೋದ ಬಾರ್ಬರ್ಟನ್‌ನ ರೈಟ್ ಟೂಲ್ ಇದೆ, 1927ರಿಂದ ನಡೆದು ಬಂದ ಕಂಪನಿ. ಬೆಲೆ ಹೆಚ್ಚು, ಆದರೆ ಸ್ನ್ಯಾಪ್-ಆನ್‌ಗಿಂತ ಕಡಿಮೆ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ 20 ಡಾಲರ್ ಇದ್ದು ಮನೆಯ ಸಣ್ಣ ಕೆಲಸ ಮಾತ್ರ ಇದ್ದರೆ: 8 ಅಥವಾ 10 ಇಂಚಿನ ಒಂದು ಹಳೆಯ ಕ್ರೆಸೆಂಟ್ ಅಥವಾ ಡೈಮಂಡ್, ಜೊತೆಗೆ 3/8ರಿಂದ 3/4ರವರೆಗೆ ಹೆಸರು ಮರೆತ ಕಂಪನಿಗಳ ಬಿಡಿ ಸ್ಪ್ಯಾನರ್‌ಗಳು. ಹುಲ್ಲು ಕತ್ತರಿಸುವ ಯಂತ್ರದ ಕೆಲಸವೆಲ್ಲ ಇಷ್ಟರಲ್ಲೇ ಆಗಿಹೋಗುತ್ತದೆ.

ಹಳೆಯ ಅಮೆರಿಕನ್ ಕಾರನ್ನು ಸರಿಮಾಡುವ ಹವ್ಯಾಸ ಇದ್ದರೆ ‘ವಿ’ ಗುರುತಿನ ಕ್ರಾಫ್ಟ್ಸ್‌ಮನ್ ಸೆಟ್ಟನ್ನು ಬುಡವಾಗಿ ಇಟ್ಟುಕೊಳ್ಳಿ. ಇಕ್ಕಟ್ಟಿನ ಜಾಗಕ್ಕೆ ಬಾನಿಯ ನಾಲ್ಕಾರು ಸೇರಿಸಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಆರು ಮೂಲೆಯ ರಿಂಗ್ ಬೇಕಾಗುತ್ತದೆ. ಹಳೆಯವು ಹೆಚ್ಚಾಗಿ ಹನ್ನೆರಡು ಮೂಲೆಯವು, ಹಾಗಾಗಿ ಇದೊಂದನ್ನು ಹೊಸದೇ ಕೊಳ್ಳಬಹುದು.

ಸಂಗ್ರಹಕ್ಕಾದರೆ ಲೆಕ್ಕವೇ ಬೇರೆ. ಆಗ ಪ್ಲಾಂಬ್, ಹಳೆಯ ಸ್ನ್ಯಾಪ್-ಆನ್ ಸರಿ. ಆದರೆ ಕೊಂಡದ್ದನ್ನು ಪಾಲಿಷ್ ಹೊಡೆದು ಹೊಸದರಂತೆ ಮಾಡಬೇಡಿ, ಬೆಲೆ ಬಿದ್ದುಹೋಗುತ್ತದೆ. ತುಕ್ಕು ತೆಗೆಯಲು ಬಲವಾದ ಆ್ಯಸಿಡ್ ಕೂಡ ಬೇಡ, ಗಡಸು ಉಕ್ಕನ್ನು ಅದು ಪೆಡಸು ಮಾಡಬಹುದು. ತುಕ್ಕು ತೆಗೆಯಲೆಂದೇ ಸಿಗುವ ಸೌಮ್ಯ ದ್ರಾವಣದಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿ.

ಊರಿಗೆ ಒಯ್ಯಬೇಕು ಎನ್ನುವವರಿಗೂ ಒಂದು ಮಾತು. ಕರ್ನಾಟಕದ ಈಗಿನ ಬೈಕು, ಕಾರುಗಳಿಗೆ ಇಂಚಿನ ಸೆಟ್ ಪ್ರಯೋಜನವಿಲ್ಲ, ಸ್ಕ್ರೂ ಸ್ಪ್ಯಾನರ್ ತಗೊಂಡು ಹೋಗಿ. ಆದರೆ ಮಲೆನಾಡು ಅಥವಾ ಕೊಡಗಿನ ತೋಟದಲ್ಲಿ ನೆಂಟರ ಹತ್ತಿರ ವಿಲ್ಲೀಸ್ ಮೂಲದ ಹಳೆಯ ಮಹೀಂದ್ರ ಜೀಪ್ ಇದ್ದರೆ ಮಾತು ಬದಲಾಗುತ್ತದೆ. ಆ ಜೀಪು ಅಮೆರಿಕದ ವಿನ್ಯಾಸ, ಅದರ ಬೋಲ್ಟುಗಳು ಇಂಚಿನವು. 7/16, 1/2, 9/16, 5/8, 3/4 ಇಷ್ಟು ಅಳತೆಯ ವಿಲಿಯಮ್ಸ್ ಅಥವಾ ಕ್ರಾಫ್ಟ್ಸ್‌ಮನ್ ಕೊಟ್ಟರೆ ಅವರು ವರ್ಷಗಟ್ಟಲೆ ನಿಮ್ಮನ್ನು ನೆನೆಯುತ್ತಾರೆ. ಎಂಜಿನ್ ಬದಲಾಯಿಸಿ ಡೀಸೆಲ್ ಹಾಕಿಸಿದ್ದಾರಾ ಎಂದು ಮಾತ್ರ ಮೊದಲೇ ಫೋನ್ ಮಾಡಿ ಕೇಳಿ, ಹಾಕಿಸಿದ್ದರೆ ಎಂಜಿನ್ನಿಗೆ ಮೆಟ್ರಿಕ್ ಬೇಕಾಗಬಹುದು. ಸ್ಪ್ಯಾನರ್‌ಗಳನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 7 ಇಂಚಿಗಿಂತ ಉದ್ದದ ಉಪಕರಣವನ್ನು ಒಳಗೆ ಬಿಡುವುದಿಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ಇಡಿ.